ಆರೈಕೆಮನೆಯ ಎಣಿಕೆ

ಆ ಊರಿನಲ್ಲಿ ವರ್ಷಕ್ಕೊಮ್ಮೆ ದಾದಿಯರನ್ನು ಎಣಿಸುತ್ತಿದ್ದರು. ಎಣಿಸುವಷ್ಟು ಹೊತ್ತೂ ಊರಿಗೆ ಊರೇ ಬೆನ್ನು ತಿರುಗಿಸಿ ನಿಂತಿರುತ್ತಿತ್ತು.

ಊರಿನ ನಡುವೆ ಆರೈಕೆಮನೆ. ಕಾಯಿಲೆ ಬಿದ್ದವರನ್ನು ಹೊತ್ತು ತಂದು ಮಲಗಿಸುವ ಮನೆ ಅದು. ಒಳಗೆ ಉದ್ದವಾದ ಒಂದೇ ಪಡಸಾಲೆ. ಪಡಸಾಲೆಯ ಎರಡು ಮಗ್ಗುಲಿಗೂ ಸಾಲು ಬಾಗಿಲುಗಳು. ಒಂದೊಂದು ಬಾಗಿಲ ಹಿಂದೆ ಒಂದೊಂದು ಕೋಣೆ, ಕೋಣೆಯ ತುಂಬ ಮಂಚಗಳು. ಬಾಗಿಲಿಗೆ ಒಬ್ಬರಂತೆ ದಾದಿ ನಿಲ್ಲಬೇಕೆಂದು ಆ ಮನೆಯನ್ನು ಕಟ್ಟಿಸಿದವರು ನಿಗದಿ ಮಾಡಿದ್ದರು. ದಾದಿಗೆ ಒಂದರಂತೆ ಮಣಿ ಪೋಣಿಸಿ ಸರವೊಂದನ್ನು ಮಾಡಿಸಿದ್ದರು. ಬೆಟ್ಟದಿಂದ ಇಳಿದು ಬಂದವಳಿಗೆ ಗುಲಗಂಜಿ, ಕಡಲ ಕಡೆಯವಳಿಗೆ ಕವಡೆ, ಊರಿನ ಮಗಳಿಗೆ ಸುಟ್ಟ ಮಣ್ಣಿನ ಮಣಿ, ಆರೈಕೆಗೆ ನಿಂತ ಗಂಡಸಿಗೆ ಕರಿಮರದ ಗುಂಡು. ಸರವನ್ನು ಬೆಳಕಿಗೆ ಹಿಡಿದರೆ ಸಾಕು. ಒಳಗೆ ಎಷ್ಟು ಜನರಿದ್ದಾರೆ, ಎಲ್ಲೆಲ್ಲಿಂದ ಬಂದವರು, ಯಾವ ಸೀಮೆಯವರು ಹೆಚ್ಚು, ಯಾವ ಸೀಮೆಯವರು ಕಡಿಮೆ ಎಂಬುದನ್ನೆಲ್ಲ ಬರಿಗಣ್ಣಿನಲ್ಲೇ ಓದಬಹುದಿತ್ತು.

ಎಣಿಕೆಗೆ ಕಟ್ಟಳೆಯಿತ್ತು. ಎಣಿಸುವಾಗ ಯಾರ ಮಣಿ ದಾರದ ಈ ಕೊನೆಯಿಂದ ಆ ಕೊನೆಗೆ ದಾಟಿತೋ ಅವರು ಮುಂದಿನ ಎಣಿಕೆಯವರೆಗೆ ಆರೈಕೆಮನೆಯ ಹೊಸ್ತಿಲು ದಾಟಿ ಹೊರಗೆ ಹೋಗುವಂತಿರಲಿಲ್ಲ. ಸರ ತುಂಬಿದ ವರ್ಷ ಹೊಸಬರಿಗೆ ಒಳಗೆ ಜಾಗವಿರಲಿಲ್ಲ. ಸರ ತುಂಬದೆ ಹೋದರೆ, ಕೊರತೆಯನ್ನು ಕಂಡವರೇ ಆ ಕೊರತೆಯನ್ನು ತುಂಬಬೇಕಿತ್ತು. ಒಂದು ಕೊರತೆ ಕಂಡರೆ ಒಬ್ಬರ ಕೆಲಸ. ಹಲವು ಕಂಡರೆ ಹಲವರ ಕೆಲಸವೂ ಕಂಡ ಆ ಒಬ್ಬರದೇ.

ಈ ಕೊನೆಯ ಕಟ್ಟಳೆಯನ್ನು ಮಾಡಿದವರು ಒಳ್ಳೆಯವರು. ನೋವನ್ನು ಕಂಡವರು ಕೈ ನೀಡದೆ ಹೋಗಬಾರದೆಂಬುದಷ್ಟೇ ಅವರ ಇಚ್ಛೆಯಾಗಿತ್ತು. ಆದರೆ ಅವರು ತೀರಿಹೋದರು, ಕಟ್ಟಳೆ ಉಳಿಯಿತು. ಊರು ಅದರಿಂದ ಒಂದೇ ಒಂದು ಪಾಠವನ್ನು ಕಲಿಯಿತು: ಕಾಣಬಾರದು.

ಹಾಗೆಂದು ಊರಿನವರು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಸೇವೆಗೆ ನಿಂತ ಹೆಣ್ಣುಮಕ್ಕಳನ್ನು ದಿಟ್ಟಿಸಿ ನೋಡುವುದು ಸಭ್ಯತೆಯಲ್ಲ, ಆದ್ದರಿಂದ ಬೆನ್ನು ತಿರುಗಿಸುತ್ತೇವೆ ಎನ್ನುತ್ತಿದ್ದರು. ಮಲಗಿದ ರೋಗಿಗಳು ಎಲ್ಲವನ್ನೂ ಕಾಣುತ್ತಿದ್ದರು. ಆದರೆ ಮಲಗಿದವರ ಮಾತು ಕಟ್ಟಳೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಗುಣವಾಗಿ ಎದ್ದು ಬಂದವರು ಕಂಡದ್ದನ್ನೆಲ್ಲ ಹೊಸ್ತಿಲಲ್ಲೇ ಮರೆತು ಮನೆಗೆ ಹೋಗುತ್ತಿದ್ದರು.

ಎಣಿಸುವ ಕೆಲಸ ದಾದಿಯೊಬ್ಬಳ ಮನೆಯವಳಿಗೇ ಸಲ್ಲುತ್ತಿತ್ತು. ಅಂಥವಳಾದರೆ ಅಕ್ಕರೆಯಿಂದ ಎಣಿಸುತ್ತಾಳೆ ಎಂಬುದು ಊರಿನ ನಂಬಿಕೆ. ಹಳೆಯ ಎಣಿಕೆಯವಳ ಕಣ್ಣು ಮಂಜಾದಾಗ ಊರಿನ ಯಜಮಾನ ಮಣಿಸರವನ್ನು ತಟ್ಟೆಯಲ್ಲಿಟ್ಟುಕೊಂಡು ಒಬ್ಬ ತಂಗಿಯ ಮನೆಗೆ ಬಂದ. ಅವಳ ಅಕ್ಕ ಎಳೆಯ ವಯಸ್ಸಿನಲ್ಲೇ ಆರೈಕೆಮನೆಗೆ ಹೋದವಳು. ಹೋದ ಮೇಲೆ ತಂಗಿ ಅವಳ ಮುಖವನ್ನು ಕಂಡಿರಲಿಲ್ಲ.

"ಸುಲಭದ ಕೆಲಸ, ಮಗಳೇ," ಎಂದ ಯಜಮಾನ. "ಒಂದೊಂದು ಬಾಗಿಲಲ್ಲೂ ಒಂದು ದನಿ 'ಇದ್ದೇನೆ' ಎನ್ನುತ್ತದೆ. ದನಿ ಕೇಳಿತೋ, ಮಣಿ ದಾಟಿಸು. ಕಿವಿಗೆ ಮಾತ್ರ ಕೆಲಸ. ಕಣ್ಣನ್ನು ಅದರಲ್ಲಿ ಸೇರಿಸಬೇಡ."

"ಕಣ್ಣು ಮುಚ್ಚಿಕೊಂಡು ನಡೆಯಲೇ ಯಜಮಾನರೇ?"

"ಮುಚ್ಚು ಎಂದು ಯಾರು ಹೇಳಿದರು? ನೆಲ ನೋಡಿಕೊಂಡು ನಡೆ. ಹೆಣ್ಣುಮಗಳಿಗೆ ಅದೇನು ಹೊಸದೇ?"

ಅವಳು ಸರವನ್ನು ತೆಗೆದುಕೊಂಡಳು. ಸರದ ಮೇಲಿನ ಗೌರವದಿಂದಲ್ಲ. ವರ್ಷಕ್ಕೊಮ್ಮೆಯಾದರೂ ಅಕ್ಕನ ದನಿ ಕೇಳಬಹುದೆಂಬ ಆಸೆಯಿಂದ. ಅಂದಿನಿಂದ ಊರು ಅವಳನ್ನು ಎಣಿಸುವವಳು ಎಂದೇ ಕರೆಯಿತು.

ಎಣಿಕೆಯ ಬೆಳಿಗ್ಗೆ ಊರೆಲ್ಲ ಆರೈಕೆಮನೆಯ ಮುಂದಿನ ಬಯಲಿನಲ್ಲಿ ಕೂಡಿತು. ಯಜಮಾನ ಸರದ ಮಣಿಗಳನ್ನೆಲ್ಲ ಒಂದೇ ಕೊನೆಗೆ ಸರಿಸಿ, "ಹಳೆಯ ಎಣಿಕೆ ಕಳಚಿತು" ಎಂದು ಕೂಗಿ ಹೇಳಿದ. ಜನ ಬೆನ್ನು ತಿರುಗಿಸಿದರು. ಎಣಿಸುವವಳು ಹೊಸ್ತಿಲು ದಾಟಿ ಒಳಗೆ ಹೋದಳು.

"ಇದ್ದೇನೆ," ಎಂದಿತು ಮೊದಲನೆಯ ಬಾಗಿಲು. ಅವಳು ಮಣಿಯೊಂದನ್ನು ದಾಟಿಸಿದಳು. "ಇದ್ದೇನೆ," ಎಂದಿತು ಎದುರಿನ ಬಾಗಿಲು. ಮತ್ತೊಂದು ಮಣಿ ದಾಟಿತು. ಒಂದು ದನಿಯಲ್ಲಿ ಬೆಟ್ಟದವರ ಎಳೆತ, ಇನ್ನೊಂದರಲ್ಲಿ ಕಡಲಿನವರ ರಾಗ, ಮತ್ತೊಂದು ಗಂಡಸಿನ ಗಡಸು ದನಿ. ಅವಳು ನೆಲ ನೋಡಿಕೊಂಡೇ ನಡೆದಳು. ನೆಲ ನೋಡು ಎಂದವನು ನೆಲದ ಮೇಲೆ ಪಾದಗಳಿರುತ್ತವೆ ಎಂಬುದನ್ನು ಮರೆತಿದ್ದ.

ಮೊದಲ ಬಾಗಿಲಲ್ಲಿ ನಿಂತ ಪಾದದ ಮೇಲೆ ಹಳೆಯ ಸುಟ್ಟ ಗಾಯದ ಕಲೆಯಿತ್ತು. ತಂಗಿ ನಡೆಯಲು ಕಲಿಯುತ್ತಿದ್ದಾಗ ಗಂಜಿಯ ಪಾತ್ರೆ ಉರುಳಿತ್ತು. ಅಕ್ಕ ಅವಳನ್ನು ಎಳೆದುಕೊಂಡು ತನ್ನ ಕಾಲನ್ನು ಒಡ್ಡಿದ್ದಳು. ಆ ಕಲೆಯನ್ನು ಎಣಿಸುವವಳು ಎಲ್ಲಿದ್ದರೂ ಗುರುತಿಸಬಲ್ಲಳು. ಆದರೆ ನಾಲ್ಕು ಬಾಗಿಲು ಮುಂದೆ, ಕಡಲಿನ ರಾಗದಲ್ಲಿ "ಇದ್ದೇನೆ" ಎಂದವಳ ಪಾದದ ಮೇಲೂ ಅದೇ ಕಲೆ. ಇನ್ನಷ್ಟು ಮುಂದೆ, ಗಡಸು ದನಿಯ ಕೆಳಗೂ ಅದೇ ಪಾದ. ಈಗ ಬೆವರಿ ನೆಲದ ಮೇಲೆ ಒದ್ದೆಯ ಗುರುತು ಬಿಡುತ್ತಿತ್ತು.

ಅವಳು ತಲೆಯೆತ್ತಿದಳು. ಪಡಸಾಲೆಯಲ್ಲಿ ಬೆರಳೆಣಿಕೆಯಷ್ಟು ಹೆಂಗಸರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸದ್ದಾಗದಂತೆ ತುದಿಗಾಲಿನಲ್ಲಿ ಬಾಗಿಲಿನಿಂದ ಬಾಗಿಲಿಗೆ ಓಡುತ್ತಿದ್ದರು. ಒಬ್ಬಳು ಒಂದು ಬಾಗಿಲಲ್ಲಿ ಉಸಿರು ಬಿಗಿಹಿಡಿದು ದನಿ ಬದಲಿಸಿ "ಇದ್ದೇನೆ" ಎನ್ನುವಷ್ಟರಲ್ಲಿ ಇನ್ನೊಬ್ಬಳು ಮುಂದಿನ ಬಾಗಿಲನ್ನು ಮುಟ್ಟಿರುತ್ತಿದ್ದಳು. ಉಳಿದ ಬಾಗಿಲುಗಳು ಬರಿದಾಗಿದ್ದವು.

ಎಣಿಸುವವಳ ಬೆರಳು ನಿಂತಿತು.

ಅಕ್ಕ ಅವಳ ಬಳಿಗೆ ಬಂದಳು. ಇಷ್ಟು ಕಾಲದ ಮೇಲೆ ಕಂಡ ಮುಖ. ಅದರ ಮೇಲೆ ಪ್ರೀತಿಗಿಂತ ಮೊದಲು ಹೆದರಿಕೆ ಮೂಡಿತು.

"ಮಣಿ ದಾಟಿಸೇ," ಎಂದಳು ಅಕ್ಕ, ತುಟಿಯನ್ನು ಮಾತ್ರ ಅಲುಗಿಸಿ. "ನಿಲ್ಲಬೇಡ. ನಿಂತರೆ ಹೊರಗಿನವರಿಗೆ ತಿಳಿಯುತ್ತದೆ."

"ಮಿಕ್ಕವರೆಲ್ಲ ಎಲ್ಲಿ ಅಕ್ಕ?"

"ಎಲ್ಲೋ. ನೀನು ದಾಟಿಸು."

ಅವಳು ದಾಟಿಸಿದಳು. ಕೊನೆಯ ಮಣಿ ದಾಟಿದಾಗ ಹೆಂಗಸರು ಗೋಡೆಗೆ ಒರಗಿ ಕುಸಿದು ಕುಳಿತರು. ಎಲ್ಲರಿಗಿಂತ ಕಿರಿಯಳಾದ ದಾದಿ ಎದೆಯನ್ನು ಒತ್ತಿಹಿಡಿದುಕೊಂಡು ಪಕ್ಕದವಳಿಗೆ ಹೇಳಿದಳು: "ಗಂಡಸಿನ ದನಿ ತೆಗೆಯೆಂದರೆ ಅದೇನೇ ಕಪ್ಪೆ ಕೂಗಿದ ಹಾಗೆ ಕೂಗುತ್ತೀ? ಹೊರಗಿನವರು ಮಳೆ ಬಂತೆಂದು ಕೊಡೆ ಬಿಚ್ಚುತ್ತಾರೆ."

"ನಿನ್ನ ಕಡಲಿನ ರಾಗ ಏನು ಕಡಿಮೆಯೇ? ಕೇಳಿದರೆ ನಿಜವಾದ ಕಡಲಿನವಳು ಮುಳುಗಿ ಸತ್ತಾಳು."

ಅವರು ಸದ್ದಿಲ್ಲದೆ ನಕ್ಕರು. ನಗುವುದಕ್ಕೂ ಆ ಮನೆಯಲ್ಲಿ ಒಂದೇ ಗುಕ್ಕಿನಷ್ಟು ಬಿಡುವು. ಕೋಣೆಯೊಳಗಿನಿಂದ ಯಾರೋ ಕರೆದರು. ಎಲ್ಲರೂ ಎದ್ದು ಒಂದೊಂದು ದಿಕ್ಕಿಗೆ ಹೋದರು.

ಎಣಿಸುವವಳು ಹೊಸ್ತಿಲಿಗೆ ಬಂದು, ರೂಢಿಯಲ್ಲಿದ್ದ ಮಾತನ್ನು ಹೇಳಿದಳು: "ತುಂಬಿದೆ." ಜನ ತಿರುಗಿದರು. ಯಜಮಾನ ಸುಣ್ಣದ ಕುಂಚ ಹಿಡಿದು ಚಾವಡಿಯ ಗೋಡೆಯ ಮೇಲಿನ ಗೆರೆಯನ್ನು ಒಂದು ಗೇಣು ಮುಂದಕ್ಕೆ ಎಳೆದ. ಅದು ಆ ಊರಿನ ಹೆಮ್ಮೆಯ ಗೆರೆ. ಎಣಿಕೆ ಏರಿದರೆ ಏರಬೇಕಾದ, ಇಳಿದರೆ ಇಳಿಯಬೇಕಾದ ಆ ಗೆರೆ, ಯಾರಿಗೂ ನೆನಪಿಲ್ಲದ ಕಾಲದಿಂದ ನೀರಿನ ಮೇಲ್ಮೈಯಂತೆ ಮಟ್ಟವಾಗಿತ್ತು. ನೆರೆಯೂರಿನವರು ಅದನ್ನು ನೋಡಲು ಬರುತ್ತಿದ್ದರು. ಅವರ ಊರುಗಳಲ್ಲಿ ಗೆರೆ ಇಳಿಜಾರಾಗಿತ್ತು; ಅವರು ಅದನ್ನು ನೆನೆದು ತಲೆ ತಗ್ಗಿಸುತ್ತಿದ್ದರು.

ವರ್ಷಗಳು ಕಳೆದಂತೆ, ಎಣಿಸುವವಳಿಗೆ ತುಂಡು ತುಂಡಾಗಿ ವಿಷಯ ತಿಳಿಯಿತು. ಎಣಿಕೆಯ ಹಿಂದಿನ ಮಧ್ಯಾಹ್ನ ಸರವನ್ನು ಆರೈಕೆಮನೆಯ ಹಿತ್ತಿಲಿಗೆ ಒಯ್ದು ತೊಳೆಯುವುದು ಅವಳ ಕೆಲಸವಾಗಿತ್ತು. ಆಗ ಅಕ್ಕ ನೀರು ಹೊಯ್ಯಲು ಬರುತ್ತಿದ್ದಳು. ನೀರು ಹೊಯ್ಯುವಷ್ಟು ಹೊತ್ತು ಮಾತು.

ಮೊದಲು ಹೋದವಳು ಕಡಲ ಕಡೆಯ ಒಬ್ಬ ದಾದಿ. ಹಿತ್ತಿಲ ಗೋಡೆ ಹತ್ತಿ, ಹಡಗು ಹಿಡಿದು, ಕೂಲಿಗೆ ಕೂಲಿ, ನಿದ್ದೆಗೆ ನಿದ್ದೆ ಕೊಡುವ ದೂರದ ದೇಶಕ್ಕೆ ಹೋದಳು. ಅಂದಿನ ಎಣಿಕೆಯವಳು ಹೊಸದಾಗಿ ಮದುವೆಯಾದ ಹುಡುಗಿ. ಕೊರತೆ ಅವಳ ಕೊರಳಿಗೆ ಬೀಳದಿರಲೆಂದು, ಪಕ್ಕದ ಬಾಗಿಲಿನವಳು ಎರಡು ಹೆಜ್ಜೆ ಸರಿದು ಎರಡು ದನಿಯಲ್ಲಿ ಓಗೊಟ್ಟಳು. ಅದು ಕರುಣೆಯಿಂದ ಮಾಡಿದ ಕೆಲಸ. ಆಮೇಲೆ ಬೆಟ್ಟದವರು ಒಬ್ಬೊಬ್ಬರಾಗಿ ತೀರಿಕೊಂಡರು. ಗಂಡಸರು ಬೇರೆ ಊರುಗಳಿಗೆ ಜಾರಿಕೊಂಡರು. ಒಬ್ಬೊಬ್ಬರು ಹೋದಂತೆ ಉಳಿದವರು ಒಂದೊಂದು ದನಿ ಹೆಚ್ಚು ಕಲಿತರು. ಸರ ತುಂಬಿದೆ ಎಂದಾದ ಮೇಲೆ ಹೊಸಬರನ್ನು ತೆಗೆದುಕೊಳ್ಳುವ ಮಾತೆಲ್ಲಿ? ಅಕ್ಕನ ನಂತರ ಆ ಕಿರಿಯ ದಾದಿ ಮಾತ್ರ ಒಳಗೆ ಬಂದಿದ್ದಳು; ಅದೂ ರೋಗಿಯಾಗಿ ಬಂದು, ಗುಣವಾದ ಮೇಲೆ ಉಳಿದುಕೊಂಡವಳು.

"ಇವತ್ತಿಗೂ ಸರದಲ್ಲಿ ಕವಡೆಗಳೇ ಹೆಚ್ಚು," ಎಂದಳು ಎಣಿಸುವವಳು ಒಮ್ಮೆ, ಮಣಿಗಳನ್ನು ಉಜ್ಜುತ್ತ. "ಒಳಗೆ ಕಡಲಿನವಳು ಒಬ್ಬಳಾದರೂ ಇದ್ದಾಳೆಯೇ?"

"ಕಡಲನ್ನು ಕಂಡವಳೂ ಇಲ್ಲ," ಎಂದಳು ಅಕ್ಕ.

ಒಂದು ವರ್ಷ ಎಣಿಸುವವಳು ಯಜಮಾನನ ಜಗಲಿಗೆ ಹೋದಳು. ಅವನು ಎಲೆಯಡಿಕೆ ಹಾಕಿಕೊಂಡು, ಚಾವಡಿಯ ಗೆರೆಯನ್ನು ದೂರದಿಂದಲೇ ನೋಡಿ ಸುಖಪಡುತ್ತ ಕುಳಿತಿದ್ದ.

"ಯಜಮಾನರೇ, ಈ ಸಲ ನೀವೂ ನನ್ನ ಜೊತೆ ಒಳಗೆ ಬನ್ನಿ."

"ನಾನೇಕೆ? ನನಗೇನು ಕಾಯಿಲೆ?"

"ಒಂದು ಸುತ್ತು ಬಂದು ನೋಡಿ, ಅಷ್ಟೇ."

ಅವನು ಅಗಿಯುವುದನ್ನು ನಿಲ್ಲಿಸಿದ. ಬಹಳ ಹೊತ್ತು ಅವಳನ್ನು ನೋಡಿದ. ಅವನಿಗೆ ಎಲ್ಲವೂ ಗೊತ್ತಿದೆ, ಗೊತ್ತಿದೆ ಎಂಬುದು ಮಾತ್ರ ಯಾರಿಗೂ ಗೊತ್ತಾಗಬಾರದು ಎಂದು ಅವಳಿಗೆ ಆಗ ಅರಿವಾಯಿತು.

"ನೀನು ಏನಾದರೂ ಕಂಡೆಯೇನಮ್ಮ?" ಎಂದು ಅವನು ಮೆಲ್ಲಗೆ ಕೇಳಿದ. ಹುಷಾರಿಲ್ಲದ ಮಗುವಿನ ಹಣೆ ಮುಟ್ಟಿ ನೋಡುವವನ ದನಿ ಅದು. "ಕಂಡಿದ್ದರೆ ಹೇಳು. ಕಟ್ಟಳೆ ನಿನಗೂ ಗೊತ್ತು, ನನಗೂ ಗೊತ್ತು. ಎಷ್ಟು ಕಂಡೆಯೋ ಅಷ್ಟೂ ನಿನ್ನ ಹೆಗಲಿಗೆ. ಕಂಡೆಯಾ?"

ಅವಳು ಸರವನ್ನು ಮಡಿಲಲ್ಲಿ ಸುತ್ತಿಕೊಂಡಳು.

"ಇಲ್ಲ ಯಜಮಾನರೇ."

"ಜಾಣೆ," ಎಂದ ಅವನು. "ನಿನ್ನ ಅಕ್ಕ ಚೆನ್ನಾಗಿದ್ದಾಳೆ ತಾನೇ? ಅವಳ ದನಿ ಒಳ್ಳೆಯ ದನಿ. ಗೋಡೆಯಾಚೆಗೂ ಕೇಳುತ್ತದೆ."

ಮತ್ತೆ ಎಣಿಕೆ ಬಂತು, ಮತ್ತೆ ಬೆನ್ನುಗಳು ತಿರುಗಿದವು, ಮತ್ತೆ ಪಾದಗಳು ಓಡಿದವು. ಓಡುವ ಪಾದಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದವು. ಓಟ ಮಾತ್ರ ಹೆಚ್ಚಾಯಿತು. ಮೊದಲು ಅಕ್ಕ ಮೂರು ಬಾಗಿಲಿಗೆ ಓಡುತ್ತಿದ್ದಳು, ಆಮೇಲೆ ಬಾಗಿಲುಗಳ ಇಡೀ ಸಾಲಿಗೇ ಓಡಿದಳು. ಮಿಕ್ಕ ದಿನಗಳಲ್ಲೂ ಅದೇ ಓಟ: ಒಂದು ಕೋಣೆಯಲ್ಲಿ ಗಾಯ ತೊಳೆದು ಬಟ್ಟೆ ಸುತ್ತುವಾಗ ಇನ್ನೊಂದರಲ್ಲಿ ನೀರಿಗೆ ಕೂಗು, ನೀರು ಕೊಟ್ಟು ಬರುವಾಗ ಮತ್ತೊಂದರಲ್ಲಿ ಕೊನೆಯುಸಿರು. ಎಣಿಸುವವಳು "ತುಂಬಿದೆ" ಎಂದಾಗಲೆಲ್ಲ ಅಕ್ಕನ ಬಾಳಿನಿಂದ ಒಂದು ವರ್ಷವನ್ನು ತಾನೇ ಕೈಯಾರೆ ಕತ್ತರಿಸಿ ಯಜಮಾನನ ಕುಂಚದ ಸುಣ್ಣಕ್ಕೆ ಕಲಸಿದಂತೆ ಅವಳಿಗೆ ಅನ್ನಿಸುತ್ತಿತ್ತು. ಆದರೂ ಹೇಳುತ್ತಿದ್ದಳು. ಹೇಳದೆ ಹೋದರೆ ಅಷ್ಟು ಬಾಗಿಲುಗಳೂ ತನ್ನವು. ಹೇಳಿದರೆ ಅಕ್ಕ ಒಳಗೆ. ಹೇಳದಿದ್ದರೂ ಅಕ್ಕ ಒಳಗೇ.

ಆ ವರ್ಷ, ಎಣಿಕೆಯ ಹಿಂದಿನ ಮಧ್ಯಾಹ್ನ, ಹಿತ್ತಿಲಿಗೆ ನೀರಿನ ಬಿಂದಿಗೆ ತಂದವಳು ಕಿರಿಯ ದಾದಿ.

"ಅಕ್ಕ ಎಲ್ಲಿ?"

"ಕುಳಿತಿದ್ದಾಳೆ," ಎಂದಳು ಕಿರಿಯ ದಾದಿ. ಆ ಮನೆಯಲ್ಲಿ ಅದು ಸಣ್ಣ ಮಾತಲ್ಲ. ಎಣಿಕೆ ಮುಗಿದ ಆ ಒಂದು ಗಳಿಗೆ ಬಿಟ್ಟರೆ ದಾದಿ ಕುಳಿತದ್ದನ್ನು ಯಾರೂ ಕಂಡಿರಲಿಲ್ಲ.

ಎಣಿಸುವವಳು ಒಳಗೆ ಹೋದಳು. ಅಕ್ಕ ಮೊದಲ ಬಾಗಿಲ ಪಕ್ಕದಲ್ಲಿ, ಹಾಸಿಲ್ಲದ ನೆಲದ ಮೇಲೆ ಕಾಲು ಚಾಚಿ ಕುಳಿತಿದ್ದಳು. ಪಾದಗಳು ಊದಿ, ಹಳೆಯ ಕಲೆ ಬಿಗಿದು ಹೊಳೆಯುತ್ತಿತ್ತು. ಉಸಿರು ಎದೆಯ ಮೇಲ್ಭಾಗದಲ್ಲಷ್ಟೇ ಓಡಾಡುತ್ತಿತ್ತು.

"ಒಳಗೆ ಅಷ್ಟು ಮಂಚಗಳಿವೆ," ಎಂದಳು ಎಣಿಸುವವಳು. "ಒಂದರ ಮೇಲೆ ಮಲಗಿಕೋ ಅಕ್ಕ."

"ಮಂಚದ ಮೇಲೆ ಮಲಗಿದವಳನ್ನು ಎಣಿಸುವುದಿಲ್ಲ. ಆಗ ಒಂದು ಬಾಗಿಲಲ್ಲ, ನಾನು ಓಡುವ ಸಾಲಿಗೆ ಸಾಲೇ ಬರಿದಾಗುತ್ತದೆ." ಅಕ್ಕ ಸ್ವಲ್ಪ ಸುಧಾರಿಸಿಕೊಂಡಳು. "ನಾಳೆ ಒಂದು ದಿನ ಓಡುತ್ತೇನೆ. ಆಮೇಲೆ ನೋಡೋಣ."

"ನಾಳೆ ಓಡಿದರೆ ನೀನು ಉಳಿಯುವುದಿಲ್ಲ."

"ಉಳಿಯುವುದಿಲ್ಲ," ಎಂದಳು ಕಿರಿಯ ದಾದಿ, ಬಾಗಿಲ ಬಳಿಯಿಂದ. "ಇಂಥ ಪಾದಗಳನ್ನು ನಾವು ದಿನವೂ ನೋಡುತ್ತೇವೆ. ಬೇರೆಯವರದಾಗಿದ್ದರೆ ಮನೆಯವರನ್ನು ಕರೆಸಿ ಎಂದು ಹೇಳಿಬಿಡುತ್ತಿದ್ದೆವು."

ಅಕ್ಕ ಅವಳ ಮೇಲೆ ರೇಗಿದಳು. "ಬಾಯಿ ಮುಚ್ಚೇ. ಕೊನೆಯ ಕೋಣೆಯಲ್ಲಿ ಮುದುಕನಿಗೆ ಮಗ್ಗುಲು ಬದಲಿಸುವ ಹೊತ್ತಾಯಿತು, ಹೋಗು."

ಅವಳು ಹೋದ ಮೇಲೆ ಎಣಿಸುವವಳು ಅಕ್ಕನ ಪಾದವನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. "ನಾಳೆ ನಿಜವನ್ನೇ ಹೇಳಿಬಿಡುತ್ತೇನೆ," ಎಂದಳು. "ಬಂದದ್ದು ಬರಲಿ."

"ಹೇಳಿದರೆ ನಾನು ಹೊರಗೆ ಹೋಗುತ್ತೇನೆಯೇ? ಇಲ್ಲ. ನೀನು ಒಳಗೆ ಬರುತ್ತೀ, ನಾನೂ ಒಳಗೇ ಇರುತ್ತೇನೆ. ಹೋದವರ ಕೆಲಸವೆಲ್ಲ ನಿನ್ನೊಬ್ಬಳದು. ಒಂದು ಮಳೆಗಾಲವನ್ನು ನೀನು ದಾಟುವುದಿಲ್ಲ." ಅಕ್ಕ ಪಾದವನ್ನು ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು, ಆಗಲಿಲ್ಲ. "ನಿನ್ನನ್ನು ಇಲ್ಲಿಗೆ ತರಬಾರದೆಂದೇ ನಾನು ಇಷ್ಟು ವರ್ಷ ಓಡಿದೆ. ಓಡಿದ್ದನ್ನೆಲ್ಲ ನೀರಿನಲ್ಲಿ ಹೋಮ ಮಾಡಬೇಡ, ತಂಗಿ."

ಎಣಿಸುವವಳು ಅಕ್ಕನ ಪಾದವನ್ನು ಮೆಲ್ಲಗೆ ನೆಲಕ್ಕಿಳಿಸಿ ಎದ್ದಳು. ಸಂಜೆಯವರೆಗೆ ಹಿತ್ತಿಲಿನಲ್ಲಿ ಕುಳಿತು ಮಣಿಗಳನ್ನು ತೊಳೆದಳು. ತೊಳೆದ ಮಣಿಗಳು ದಾರದ ಮೇಲೆ ಈ ಕೊನೆಗೂ ಆ ಕೊನೆಗೂ ಸರಾಗವಾಗಿ ಜಾರುತ್ತಿದ್ದವು. ನಡುವೆ ಬರಿಯ ದಾರ. ಅವಳು ಆ ಬರಿಯ ದಾರವನ್ನೇ ನೋಡುತ್ತ ಕುಳಿತಳು. ಈ ಕೊನೆಯಲ್ಲಿರುವ ಮಣಿ ಇನ್ನೂ ಎಣಿಕೆಗೆ ಸಿಕ್ಕಿಲ್ಲ. ಆ ಕೊನೆಯನ್ನು ಮುಟ್ಟಿದ ಮಣಿ ಸಿಕ್ಕಿಬಿದ್ದಿದೆ. ನಡುವಿನಲ್ಲಿರುವ ಮಣಿಯ ಬಗ್ಗೆ ಕಟ್ಟಳೆ ಏನನ್ನೂ ಹೇಳಿರಲಿಲ್ಲ. ಮಣಿಯೊಂದು ನಡುವಿನಲ್ಲಿ ನಿಲ್ಲಬಹುದೆಂದು ಕಟ್ಟಳೆ ಮಾಡಿದವರಿಗೆ ತೋಚಿರಲಿಲ್ಲ.

ಬೆಳಿಗ್ಗೆ ಊರು ಕೂಡಿತು. ನೆರೆಯೂರಿನ ಹಿರಿಯರೂ ಬಂದಿದ್ದರು. ಸುಣ್ಣ ಕಲಸಿಟ್ಟಿದ್ದರು, ಕುಂಚ ನೆನೆಸಿಟ್ಟಿದ್ದರು. ಯಜಮಾನ ಮಣಿಗಳನ್ನೆಲ್ಲ ಒಂದು ಕೊನೆಗೆ ಸರಿಸಿ, "ಹಳೆಯ ಎಣಿಕೆ ಕಳಚಿತು" ಎಂದ. ಬೆನ್ನುಗಳು ತಿರುಗಿದವು. ಎಣಿಸುವವಳು ಹೊಸ್ತಿಲು ದಾಟಿದಳು.

ಮೊದಲ ಬಾಗಿಲಲ್ಲಿ ಅಕ್ಕ ಚೌಕಟ್ಟನ್ನು ಹಿಡಿದುಕೊಂಡು ನಿಂತಿದ್ದಳು. ಉಳಿದ ದಾದಿಯರು ಓಟಕ್ಕೆ ಸೆರಗು ಬಿಗಿದುಕೊಂಡು, ಎರಡನೆಯ ಬಾಗಿಲ ಕಡೆಗೆ ಒಂದು ಕಾಲನ್ನು ಮುಂದಿಟ್ಟು ಕಾದಿದ್ದರು.

"ಇದ್ದೇನೆ," ಎಂದಳು ಅಕ್ಕ. ದನಿ ಗೋಡೆಯಾಚೆಗೆ ಕೇಳುವಷ್ಟಿತ್ತು.

ಎಣಿಸುವವಳು ಮೊದಲ ಮಣಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದಳು. ಅದು ಊರಿನ ಮಗಳ ಮಣಿ, ಸುಟ್ಟ ಮಣ್ಣಿನದು. ಅದನ್ನು ಈ ಕೊನೆಯಿಂದ ಬಿಡಿಸಿ ದಾರದ ನಡುವಿಗೆ ತಂದಳು. ಅಲ್ಲಿ ನಿಲ್ಲಿಸಿದಳು.

ದಾದಿಯರು ಕಾದರು. ಮಣಿ ಕೊನೆ ಮುಟ್ಟಿದ ಟಕ್ಕೆಂಬ ಸದ್ದು ಕೇಳಿದ ಮೇಲೆಯೇ ಅವರು ಓಡಬೇಕು. ಸದ್ದು ಕೇಳಿಸಲಿಲ್ಲ.

"ದಾಟಿಸೇ," ಎಂದಳು ಅಕ್ಕ.

"ಇಲ್ಲ. ಹೊರಗೆ ನಡೆ."

"ಹುಚ್ಚು ಹಿಡಿಯಿತೇನೇ ನಿನಗೆ?"

"ಹಳೆಯ ಎಣಿಕೆ ಕಳಚಿದೆ, ಅವರೇ ಕೂಗಿ ಹೇಳಿದರು. ಹೊಸ ಎಣಿಕೆ ನಿನ್ನನ್ನು ಮುಟ್ಟಿಲ್ಲ. ಈ ಮಣಿ ನನ್ನ ಬೆರಳಲ್ಲಿರುವಷ್ಟು ಹೊತ್ತು ನೀನು ಯಾರ ಲೆಕ್ಕಕ್ಕೂ ಸೇರಿದವಳಲ್ಲ. ಮನೆಗೆ ಹೋಗು ಅಕ್ಕ. ಬೀಗದ ಕೈ ಬಾಗಿಲ ಮೇಲಿನ ಗೂಡಿನಲ್ಲಿದೆ. ಚಾಪೆ ಬಿಡಿಸಿಟ್ಟಿದ್ದೇನೆ, ಗಂಜಿ ಮಾಡಿಟ್ಟಿದ್ದೇನೆ."

"ನೀನು?"

"ಬೆರಳು ಬಿಟ್ಟರೆ ಎಣಿಕೆ ಮುಂದುವರಿಯುತ್ತದೆ. ಮುಂದುವರಿದರೆ ಮುಗಿಯುತ್ತದೆ. ಅದನ್ನು ಹಿಡಿದುಕೊಂಡು ನಾನು ಇಲ್ಲಿರುತ್ತೇನೆ."

"ನಾನು ಬೇಡವೆಂದದ್ದು ಇದನ್ನೇ," ಎಂದಳು ಅಕ್ಕ. ಅವಳ ಕಣ್ಣು ಒದ್ದೆಯಾಗಿತ್ತು; ಸಿಟ್ಟಿನಿಂದಲೋ ಸೋಲಿನಿಂದಲೋ ಹೇಳುವಂತಿರಲಿಲ್ಲ. "ನಿನ್ನನ್ನು ಹೊರಗಿಡುವುದಕ್ಕೇ ಅಲ್ಲವೇನೇ ಓಡಿದ್ದು?"

"ಕೊರತೆಯನ್ನು ನಾನು ಮೊದಲ ವರ್ಷವೇ ಕಂಡೆ. ಕಂಡವಳು ತುಂಬಬೇಕಿತ್ತು. ನೀನು ಓಡಿ ಓಡಿ ನನಗೆ ಇಷ್ಟು ವರ್ಷಗಳ ವಾಯಿದೆ ಕೊಡಿಸಿದೆ. ಸಾಕು, ಇನ್ನು ನಡೆ."

ಅಕ್ಕ ಚೌಕಟ್ಟಿನಿಂದ ಕೈ ತೆಗೆದಳು. ಗೋಡೆ ಹಿಡಿದು ಒಂದು ಹೆಜ್ಜೆ ಇಟ್ಟಳು. ಇನ್ನೊಂದು ಹೆಜ್ಜೆಯಲ್ಲಿ ಹೊಸ್ತಿಲು ದಾಟಿದಳು. ಯಾರೂ ತಡೆಯಲಿಲ್ಲ, ತಡೆಯಬೇಕಾದವರೆಲ್ಲ ಆಚೆ ಮುಖ ಮಾಡಿ ನಿಂತಿದ್ದರು.

ಎಣಿಸುವವಳು ಹೊಸ್ತಿಲ ಒಳಗೇ ನಿಂತು ನೋಡಿದಳು. ಬಯಲಿನ ತುಂಬ ಬೆನ್ನುಗಳು: ರೇಷ್ಮೆ ಹೊದ್ದ ಬೆನ್ನು, ಬೆವರಿ ಅಂಟಿದ ಬೆನ್ನು, ಕೂಸನ್ನು ಕಟ್ಟಿಕೊಂಡ ಬೆನ್ನು. ಅವುಗಳ ನಡುವಿನ ಸಂದಿಯಲ್ಲಿ ಅಕ್ಕ ಸಾಗಿದಳು. ಅವಳ ಸೆರಗು ಅವರ ತೋಳಿಗೆ ತಗುಲುತ್ತಿತ್ತು. ಯಾರೂ ತಿರುಗಲಿಲ್ಲ. ತಿರುಗಿದರೆ ಕಂಡಂತೆ, ಕಂಡರೆ ತುಂಬಬೇಕು.

ಯಜಮಾನನ ಹಿಂದೆ ಬಂದಾಗ ಅಕ್ಕ ನಿಂತಳು. ಅವನ ಶಾಲು ಹೆಗಲಿನಿಂದ ಜಾರಿ ಮಣ್ಣಿಗೆ ತಾಗುತ್ತಿತ್ತು. ಅವಳ ಕೈ ಸುಮ್ಮನಿರಲಿಲ್ಲ. ಶಾಲನ್ನು ಎತ್ತಿ, ಧೂಳು ಕೊಡವಿ, ಅವನ ಹೆಗಲ ಮೇಲೆ ಸರಿಯಾಗಿ ಹೊದಿಸಿದಳು.

"ಯಾರದು?" ಎಂದ ಯಜಮಾನ, ಕುತ್ತಿಗೆಯನ್ನು ಬಿಗಿಮಾಡಿಕೊಂಡು.

ಬಾಳೆಲ್ಲ ಒಂದೇ ಉತ್ತರವನ್ನು ಹೇಳಿಕೊಂಡು ಬಂದವಳು ಅವಳು.

"ಯಾರೂ ಇಲ್ಲ ಯಜಮಾನರೇ," ಎಂದಳು.

"ಒಳ್ಳೆಯದು," ಎಂದ ಅವನು.

ಅಕ್ಕ ಬೆನ್ನುಗಳ ಕೊನೆಯ ಸಾಲನ್ನು ದಾಟಿದಳು. ಈಗ ಕಣ್ಣೆದುರಿಗೇ ಅವಳನ್ನು ಕಂಡವರು ಹಲವರಿದ್ದರು. ತಮ್ಮ ಮುಂದೆ ಕುಂಟುತ್ತ ಹೋಗುತ್ತಿದ್ದ ಹೆಂಗಸು ಯಾರೆಂದು ಅವರು ತಮ್ಮನ್ನು ತಾವು ಕೇಳಿಕೊಳ್ಳಲಿಲ್ಲ. ಅವಳು ಬೀದಿಯ ತಿರುವಿನಲ್ಲಿ ಮರೆಯಾದಳು. ಅಂದು ಆ ಊರಿನ ಮನೆಗಳಲ್ಲೆಲ್ಲ ಒಂದೇ ಒಂದು ಜೀವ ಮಲಗಿ ನಿದ್ದೆ ಮಾಡಿತು. ಊರು ನಿಂತೇ ಇತ್ತು.

ಪಡಸಾಲೆಯಲ್ಲಿ ದಾದಿಯರು ಮುಂದಿಟ್ಟ ಕಾಲನ್ನು ಇನ್ನೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.

"ಹಾಗಾದರೆ ನಮ್ಮ ಮಣಿಗಳೂ ದಾಟಿಲ್ಲ," ಎಂದಳು ಕಿರಿಯ ದಾದಿ, ಒಂದೊಂದೇ ಮಾತನ್ನು ತೂಗಿ. "ನಾನೂ ಹೋಗಬಹುದೇ?"

"ಹೋಗಬಹುದು."

"ಈಗಲೇ?"

"ಬಾಗಿಲು ತೆರೆದೇ ಇದೆ."

ಕಿರಿಯ ದಾದಿ ಸೊಂಟದ ಸೆರಗನ್ನು ಬಿಚ್ಚಿ, ಮುಖ ಒರೆಸಿಕೊಂಡು, ಹೊಸ್ತಿಲವರೆಗೆ ಬಂದಳು. ಬಯಲಿನ ಗಾಳಿ ಅವಳ ಕೂದಲನ್ನು ಮುಟ್ಟಿತು. ಅಷ್ಟರಲ್ಲಿ ಮೊದಲ ಕೋಣೆಯಿಂದ ಒಬ್ಬ ಮುದುಕಿ ನೀರು ಕೇಳಿದಳು.

"ನೀರು ಕೊಟ್ಟು ಬಂದುಬಿಡುತ್ತೇನೆ," ಎಂದಳು ಕಿರಿಯ ದಾದಿ.

ಅವಳು ಹೋದಳು. ನೀರು ಕೊಡುವಾಗ ಪಕ್ಕದ ಮಂಚದವನು ಕೆಮ್ಮಿದ, ಅವನನ್ನು ಎತ್ತಿ ಕೂರಿಸಿದಳು. ಅವನನ್ನು ಕೂರಿಸುವಾಗ 'ಅಮ್ಮಾ' ಎಂದು ಮುಂದಿನ ಕೋಣೆ ಕರೆಯಿತು. "ಬಂದೆ," ಎಂದು ಅವಳು ಅತ್ತ ಹೋದಳು. ಉಳಿದ ದಾದಿಯರೂ ಒಮ್ಮೆ ಬಾಗಿಲನ್ನು ನೋಡಿದರು, ಒಮ್ಮೆ ಕೋಣೆಗಳನ್ನು ನೋಡಿದರು, ಆಮೇಲೆ ಬೆನ್ನು ತಿರುಗಿಸಿ ಕೆಲಸಕ್ಕೆ ಹೋದರು. ಆ ಮನೆಯಲ್ಲಿ ಬೆನ್ನು ತಿರುಗಿಸುವುದೆಂದರೆ ಬೇರೆಯೇ ಅರ್ಥ. ಕಟ್ಟಳೆ ಬಿಟ್ಟುಕೊಟ್ಟವರನ್ನು ಕೂಗು ಬಿಟ್ಟುಕೊಡಲಿಲ್ಲ.

ಹೊತ್ತು ಏರಿತು. ಹೊರಗೆ ಜನ ಕಾಲು ಬದಲಿಸಿದರು, ಕೆಮ್ಮಿದರು. ಕೆಲವರು ನಿಂತಲ್ಲೇ ಬುತ್ತಿ ಬಿಚ್ಚಿದರು. ಕಲಸಿಟ್ಟ ಸುಣ್ಣ ಗಟ್ಟಿಯಾಗತೊಡಗಿತು.

"ಮಗಳೇ," ಎಂದು ಯಜಮಾನ ಆಚೆ ಮುಖವಾಗಿಯೇ ಕೂಗಿದ. "ತುಂಬಿತೇ?"

ಎಣಿಸುವವಳು ಆಗ ಅಕ್ಕ ನಿಲ್ಲುತ್ತಿದ್ದ ಬಾಗಿಲ ಹಿಂದಿನ ಕೋಣೆಯಲ್ಲಿದ್ದಳು. ಎಡಗೈಯ ಬೆರಳುಗಳ ನಡುವೆ ಮಣಿ. ಬಲಗೈಯಲ್ಲಿ ಒದ್ದೆ ಬಟ್ಟೆ. ಜ್ವರದಲ್ಲಿ ಕಾಯುತ್ತಿದ್ದವಳ ಹಣೆಯನ್ನು ಒಂದೇ ಕೈಯಲ್ಲಿ ಒರೆಸುವುದನ್ನು ಅವಳು ಕಲಿಯುತ್ತಿದ್ದಳು. ಬಟ್ಟೆ ಹಿಂಡಲು ಎರಡು ಕೈ ಬೇಕು. ಅವಳು ಅದರ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ತಿರುಚಿದಳು.

ಹಾದುಹೋಗುತ್ತಿದ್ದ ಕಿರಿಯ ದಾದಿ ಅದನ್ನು ಕಂಡು ನಿಂತಳು. "ಆ ಕೈಯನ್ನೂ ಕೊಡಬಾರದೇ? ಎಷ್ಟು ದಿನ ಹಾಗೆ ಹಿಡಿದಿರುತ್ತೀ?"

"ಅದಕ್ಕೆ ಬೇರೆ ಕೆಲಸವಿದೆ," ಎಂದಳು ಎಣಿಸುವವಳು, ಬಟ್ಟೆಯನ್ನು ಬಾಯಿಂದ ತೆಗೆದು.

"ತುಂಬಿತೇ?" ಎಂದು ಹೊರಗಿನ ದನಿ ಮತ್ತೆ ಕೇಳಿತು. ಈ ಸಲ ಅದರಲ್ಲಿ ಗದರಿಕೆಯಿತ್ತು. ಗದರಿಕೆಯ ಒಳಗೆ ಬೇಡಿಕೆಯಿತ್ತು. ಅವನ ಸುತ್ತ ಊರೆಲ್ಲ ಬಿಸಿಲಿನಲ್ಲಿ ಉಸಿರು ಬಿಗಿಹಿಡಿದು ನಿಂತಿತ್ತು. ಒಂದೇ ಒಂದು ಕುತ್ತಿಗೆ ತಿರುಗಿದ್ದರೆ ಸಾಕಿತ್ತು.

ಪಕ್ಕದ ಮಂಚದಿಂದ ಒಂದು ಕೈ ಅವಳ ಸೆರಗನ್ನು ಹಿಡಿಯಿತು. ಅವಳು ಬಿಡಿಸಿಕೊಳ್ಳಲಿಲ್ಲ. ಆ ಕೈಯ ಕಡೆಗೆ ಬಾಗುತ್ತಲೇ, ಬಾಗಿಲು ದಾಟಿ ಬಯಲಿಗೆ ಕೇಳುವಂತೆ ಹೇಳಿದಳು:

"ಎಣಿಸುತ್ತಿದ್ದೇನೆ."